ಹಲ್ಮಿಡಿ: ಕಲ್ಲು ಓದಿದೆವು, ಜಾಗ ಬಿಟ್ಟೆವು

ಹಲ್ಮಿಡಿ ಶಾಸನದ ಕಾಲ ಕ್ರಿ.ಶ. 450 ಹೌದೋ ಅಲ್ಲವೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಆ 16 ಸಾಲುಗಳ ಪದಪದಕ್ಕೂ ಟಿಪ್ಪಣಿ ಇದೆ. ಕಲ್ಲು ನಿಂತಿದ್ದ ಜಾಗಕ್ಕೆ ಮಾತ್ರ ಒಂದು ಸಾಲು, ಅಷ್ಟೆ.

ಎಂ.ಎಚ್. ಕೃಷ್ಣ 1936ರ ಮೈಸೂರು ಪುರಾತತ್ತ್ವ ಇಲಾಖೆಯ ವರದಿಯಲ್ಲಿ ಪ್ರಕಟಿಸಿದಾಗ ಅದು ವೀರಭದ್ರ ಗುಡಿ ಮುಂದಿತ್ತು. ಅದಕ್ಕೂ ಮೊದಲು ಊರಿನ ಮಣ್ಣಿನ ಕೋಟೆ ಬಳಿ. ಈಗ ಮೂಲ ಕಲ್ಲು ಮೈಸೂರಲ್ಲಿ, ಊರಲ್ಲಿ ಪ್ರತಿಕೃತಿಗೊಂದು ಮಂಟಪ.

ಗುಡಿ ಮುಂದೆ ಸಿಕ್ಕಿದ್ದೆಲ್ಲ ಗುಡಿಯ ಶಾಸನ ಆಗಲ್ಲ. ಇದರೊಳಗಿರೋದು ವಿಜ ಅರಸನಿಗೆ ಪಲ್ಮಿಡಿ, ಮೂಳಿವಳ್ಳಿಗಳನ್ನು ಬಾಳ್ಗಳ್ಚಾಗಿ ಕೊಟ್ಟ ಮಾತು, ಅಂದರೆ ವೀರನಿಗೆ ಸಂದ ದತ್ತಿ. ಹಾಗಾಗಿ ಕೋಟೆಯ ನೆನಪು ಇಲ್ಲಿ ಬರೀ ಹರಟೆಯಲ್ಲ, ಸಾಕ್ಷ್ಯ. ಕೋಟೆ ಎಲ್ಲಿತ್ತು, ಕಲ್ಲು ಯಾವ ಕಡೆಗಿತ್ತು ಅಂತ ಊರ ಹಿರಿಯರನ್ನು ಕೇಳದೆ ಬರೆದ ಪಾಠ ಅರ್ಧ ಪಾಠವೇ.