ಉತ್ತತ್ತಿಯ ಸುಂಕ

ದೇಶವೊಂದು ತಾನಿದ್ದ ವ್ಯಾಪಾರದ ಕೂಟದಿಂದ ಹೊರಬಿದ್ದರೆ ಜನಸಾಮಾನ್ಯರ ಸಂತೆಚೀಲದ ಗತಿಯೇನು ಎಂಬ ಪ್ರಶ್ನೆ ಎದ್ದಾಗಲೆಲ್ಲ ನಮ್ಮ ಪತ್ರಿಕೆಗಳು ಇಂಗ್ಲೆಂಡಿನ ಕಡೆ ಬೆರಳು ತೋರಿಸುತ್ತವೆ. 2016ರ ಜೂನ್ 23ರಂದು ಅಲ್ಲಿನ ಜನ ಯುರೋಪಿನ ಒಕ್ಕೂಟ ಬಿಡಲು ಮತ ಹಾಕಿದರು. ಮರುದಿನವೇ ಪೌಂಡ್ ಡಾಲರಿನೆದುರು ನೂರಕ್ಕೆ ಎಂಟರಷ್ಟು ಕುಸಿಯಿತು. ಹೊರಗಿನಿಂದ ತರಿಸುವ ತಿನಿಸು ತುಟ್ಟಿಯಾಯಿತು. 2020ರ ಜನವರಿ 31ರಂದು ನಿಜಕ್ಕೂ ಹೊರಬೀಳುವ ಹೊತ್ತಿಗೆ ಬೆಣ್ಣೆಯಿಂದ ಔಷಧಿಯವರೆಗೆ ಪ್ರತಿಯೊಂದರ ಲೆಕ್ಕ ಹಾಕಿ ಜಗಳವಾಡಿದ್ದರು. ಹಾಗೆ ಲೆಕ್ಕ ಕೇಳುವುದು ಒಳ್ಳೆಯದೇ. ಆದರೆ ಹಾನಗಲ್ಲ, ಶಿಗ್ಗಾಂವ, ಸವಣೂರು, ಹಿರೇಕೆರೂರಿನವರಾದ ನಾವು ಇಂಥ ಕಥೆಗಾಗಿ ಲಂಡನ್ನಿಗೆ ಹೋಗಬೇಕಾಗಿಲ್ಲ. ನಮ್ಮ ಕಿರಾಣಿ ಅಂಗಡಿಯ ಉತ್ತತ್ತಿ ಡಬ್ಬಿಯಲ್ಲೇ ಅದು ಕೂತಿದೆ.

ಪುಸ್ತಕದ ಕನ್ನಡದಲ್ಲಿ ಒಣ ಖರ್ಜೂರ, ನಮ್ಮ ಸೀಮೆಯಲ್ಲಿ ಉತ್ತತ್ತಿ, ಮನೆಯ ದಖನಿಯಲ್ಲಿ ಖಾರೀಕ್, ಬರಹದ ಉರ್ದುವಿನಲ್ಲಿ ಛುಹಾರಾ. ಮಗಳಿಗೆ ಉಡಿ ತುಂಬುವಾಗ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನ ಕೊಂಬು, ಅಡಿಕೆಯ ಜೊತೆ ಉತ್ತತ್ತಿ ಬೇಕು. ನಿಕಾಹ್ ಮುಗಿದೊಡನೆ ಹಂಚುವುದಕ್ಕೆ ಖಾರೀಕ್ ಬೇಕು. ಬಾಣಂತಿಯ ಅಂಟಿನುಂಡಿಗೆ ಜಾತಿಭೇದವಿಲ್ಲ, ಎಲ್ಲರ ಮನೆಯಲ್ಲೂ ಅದನ್ನು ಕುಟ್ಟಿ ಹಾಕುತ್ತಾರೆ. ತೇರು ಎಳೆಯುವಾಗ ಬಾಳೆಹಣ್ಣಿನೊಂದಿಗೆ ಉತ್ತತ್ತಿ ಎಸೆಯುವುದನ್ನು ಕೊಪ್ಪಳದ ಗವಿಮಠದ ಜಾತ್ರೆ ನೋಡಿದವರು ಬಲ್ಲರು. ಈದ್ ದಿನದ ಶೀರ್ ಖುರ್ಮಾದಲ್ಲಿ ‘ಶೀರ್’ ಎಂದರೆ ಹಾಲು, ‘ಖುರ್ಮಾ’ ಎಂದರೆ ಖರ್ಜೂರ. ಖರ್ಜೂರ ತೆಗೆದರೆ ಉಳಿಯುವುದು ಬರೀ ಶಾವಿಗೆ ಪಾಯಸ.

ಇಷ್ಟೆಲ್ಲ ಬಳಕೆಯಲ್ಲಿರುವ ಈ ಹಣ್ಣು ನಮ್ಮ ನೆಲದ್ದಲ್ಲ. ಭಾರತಕ್ಕೆ ಬರುತ್ತಿದ್ದ ಉತ್ತತ್ತಿಯ ಬಹುಪಾಲು ಪಾಕಿಸ್ತಾನದ್ದು, ಅದರಲ್ಲೂ ಸಿಂಧ್ ಪ್ರಾಂತದ ಖೈರ್‌ಪುರದ ಕಡೆಯದ್ದು. ಅಲ್ಲಿ ‘ಅಸೀಲ್’ ಎಂಬ ಜಾತಿಯ ಹಣ್ಣನ್ನು ಇನ್ನೂ ಗಟ್ಟಿಯಿರುವಾಗಲೇ ಕೊಯ್ದು, ದೊಡ್ಡ ಕಡಾಯಿಯಲ್ಲಿ ಕುದಿಸಿ, ಚಾಪೆಯ ಮೇಲೆ ಬಿಸಿಲಿಗೆ ಹರವುತ್ತಾರೆ. ಮಳೆ ಬಂದು ಹಣ್ಣು ಕೆಡುವ ಮೊದಲೇ ಅದನ್ನು ಉಳಿಸಿಕೊಳ್ಳುವ ಉಪಾಯವಿದು. ನಮ್ಮ ಕಚ್ಛಿನಲ್ಲೂ ಖರ್ಜೂರ ಬೆಳೆಯುತ್ತದೆ, ಆದರೆ ಅದು ಬಹುಮಟ್ಟಿಗೆ ಹಸಿಯಾಗಿಯೇ ಮಾರಾಟವಾಗುತ್ತದೆ. ಒಮಾನಿನವರೂ ಕುದಿಸಿ ಒಣಗಿಸುತ್ತಾರೆ. ಅಗ್ಗವಾಗಿ, ಹೇರಳವಾಗಿ ಬರುತ್ತಿದ್ದುದು ಸಿಂಧಿನಿಂದಲೇ.

ಈ ಸಿಂಧ್ ನಮಗೆ ಪರಸ್ಥಳವಾದದ್ದು ಯಾವಾಗ? ಓದುಗರು ಇಲ್ಲಿ ಸ್ವಲ್ಪ ತಾಳ್ಮೆಯಿಂದ ಇಸವಿಗಳನ್ನು ನೋಡಬೇಕು. ಬ್ರಿಟಿಷರ ಕಾಲದಲ್ಲಿ ಹಾನಗಲ್ಲ, ಹಿರೇಕೆರೂರುಗಳಿದ್ದ ಧಾರವಾಡ ಜಿಲ್ಲೆಯೂ ಕರಾಚಿಯೂ ಒಂದೇ ಮುಂಬಯಿ ಪ್ರಾಂತದ ಊರುಗಳು. 1936ರ ಏಪ್ರಿಲ್ 1ರಂದು ಸಿಂಧ್ ಪ್ರತ್ಯೇಕ ಪ್ರಾಂತವಾಯಿತು. ಕಚೇರಿ ಬೇರೆಯಾಯಿತು, ಸುಂಕದ ಗೋಡೆ ಏಳಲಿಲ್ಲ. 1947ರಲ್ಲಿ ದೇಶ ಒಡೆದಾಗಲೂ ಮೊದಲ ಕೆಲವು ತಿಂಗಳು ಮಾಲು ಹಳೆಯ ರೂಢಿಯಂತೆ ಓಡಾಡಲೆಂದು ಎರಡೂ ಸರಕಾರಗಳು ಒಪ್ಪಿಕೊಂಡಿದ್ದವು. ಭಾರತವು ಸುಂಕದ ಲೆಕ್ಕದಲ್ಲಿ ಪಾಕಿಸ್ತಾನವನ್ನು ಪರದೇಶವೆಂದು ಎಣಿಸತೊಡಗಿದ್ದು 1948ರ ಮಾರ್ಚಿನಿಂದ. ಅದೇ ಮಾರ್ಚಿನಲ್ಲಿ ಸವಣೂರಿನ ನವಾಬರ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಸವಣೂರು ಒಳಗೆ ಬಂದ ತಿಂಗಳೇ ಅದರ ಖಾರೀಕಿನ ಊರು ಹೊರಗೆ ಹೋಯಿತು.

ಇನ್ನು 1956. ನವೆಂಬರ್ 1ರಂದು ನಮ್ಮ ನಾಲ್ಕೂ ತಾಲ್ಲೂಕುಗಳು ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯ ಸೇರಿದವು. ಭಾವನೆಯ ದೃಷ್ಟಿಯಿಂದ ಅದು ಎಷ್ಟು ದೊಡ್ಡ ಸಂಗತಿ! ಆದರೆ ರಾಜ್ಯ ಬದಲಾಯಿತೆಂಬ ಕಾರಣಕ್ಕೆ ಉಪ್ಪಿಗೆ, ಉತ್ತತ್ತಿಗೆ ಹೊಸ ಗಡಿಸುಂಕ ಬೀಳಲಿಲ್ಲ, ಏಕೆಂದರೆ ಮಾರುಕಟ್ಟೆ ಒಂದೇ ಆಗಿತ್ತು. (ಆಮೇಲೆ ತಕ್ಕಡಿಯಲ್ಲಿ ಸೇರು ಹೋಗಿ ಕಿಲೋ ಬಂದದ್ದು ಮೆಟ್ರಿಕ್ ಪದ್ಧತಿಯ ದೆಸೆಯಿಂದ, ಏಕೀಕರಣದಿಂದಲ್ಲ. ನಮ್ಮ ಹಿರಿಯರು ಮಾತ್ರ ಎರಡನ್ನೂ ಸೇರಿಸಿಯೇ ಬೈಯುತ್ತಿದ್ದರು.) ರಾಜಕೀಯವಾಗಿ ಬೇರೆಯಾಗುವುದು ಒಂದು, ಸುಂಕದ ಬೇಲಿ ಹಾಕಿಕೊಳ್ಳುವುದು ಇನ್ನೊಂದು. ಮೊದಲನೆಯದು ನಕಾಶೆಯಲ್ಲಿ ಕಾಣುತ್ತದೆ, ಎರಡನೆಯದು ಅಂಗಡಿಯ ಚೀಟಿಯಲ್ಲಿ. ನಮ್ಮ ಭಾಷಣಕಾರರೂ ಲೇಖಕರೂ ನಕಾಶೆಯ ಮುಂದೆ ನಿಂತು ಕಣ್ಣೀರು ಹಾಕುತ್ತಾರೆ ಇಲ್ಲವೇ ಎದೆ ತಟ್ಟಿಕೊಳ್ಳುತ್ತಾರೆ. ಚೀಟಿ ಓದುವವರು ಕಡಿಮೆ.

ಕಥೆಗಾರರಿಗೂ ಈ ಮಾತು ಅನ್ವಯಿಸುತ್ತದೆ. ಉರ್ದುವಿನ ಮಂಟೋ ‘ಟೋಬಾ ಟೇಕ್ ಸಿಂಗ್’ ಬರೆದರು, ಹಿಂದಿಯ ಭೀಷ್ಮ ಸಾಹನಿ ‘ತಮಸ್’ ಬರೆದರು. ಅವರಿಗೆ ರಕ್ತ ಬರೆಯದೆ ಗತ್ಯಂತರವಿರಲಿಲ್ಲ. ಆದರೆ ರಕ್ತ ಹರಿಯದ ಕಡೆ ವಿಭಜನೆಯೇ ಬರಲಿಲ್ಲವೆಂದು ದಕ್ಷಿಣದ ನಮ್ಮ ಸಾಹಿತ್ಯ ತೀರ್ಮಾನಿಸಿದಂತಿದೆ. ಉರ್ದುವಿನಲ್ಲಿ ವಿಭಜನೆಗೆ ‘ಬಟ್ವಾರಾ’ ಎನ್ನುತ್ತಾರೆ, ಅಣ್ಣತಮ್ಮಂದಿರು ಹಿಸೆಯಾಗುವುದಕ್ಕೂ ಅದೇ ಶಬ್ದ. ನಮ್ಮ ಹಳ್ಳಿಗಳಲ್ಲಿ ಹಿಸೆಯಾದ ಮೇಲೂ ಒಂದು ಒಲೆಯಿಂದ ಇನ್ನೊಂದು ಒಲೆಗೆ ಕೆಂಡ, ಉಪ್ಪು, ಮಜ್ಜಿಗೆ ಹೋಗುತ್ತಿರುತ್ತವೆ. ಅದು ನಿಂತ ದಿನವೇ ನಿಜವಾದ ಹಿಸೆ. ಆ ದಿನದ ಕಥೆಯನ್ನು ಕನ್ನಡದಲ್ಲಿ ಯಾರಾದರೂ ಬರೆಯಬೇಕಿತ್ತು.

ಕೆಂಡ, ಉಪ್ಪು ನಿಂತದ್ದು ಒಂದೇ ಸಲವೂ ಅಲ್ಲ. 1949ರ ಸೆಪ್ಟೆಂಬರಿನಲ್ಲಿ ಭಾರತ ರೂಪಾಯಿಯ ಮೌಲ್ಯ ಇಳಿಸಿತು, ಪಾಕಿಸ್ತಾನ ಇಳಿಸಲಿಲ್ಲ, ವ್ಯಾಪಾರ ಕಟ್ಟಿತು. 1951ರಲ್ಲಿ ಒಪ್ಪಂದವಾಯಿತು. 1965ರ ಯುದ್ಧದಲ್ಲಿ ಮತ್ತೆ ನಿಂತು, ಸುಮಾರು ಹತ್ತು ವರ್ಷದ ಬಳಿಕ ಚಿಗುರಿತು. 1996ರಲ್ಲಿ ಭಾರತ ಪಾಕಿಸ್ತಾನಕ್ಕೆ ‘ಪರಮಾಪ್ತ ರಾಷ್ಟ್ರ’ದ ಸ್ಥಾನ ಕೊಟ್ಟಿತು. ಹೆಸರು ಹಾಗಿದ್ದರೂ ಅರ್ಥ ಇಷ್ಟೇ: ಬೇರೆಯವರಿಗಿಂತ ಹೆಚ್ಚಿನ ಸುಂಕ ನಿನ್ನ ಮೇಲೆ ಹಾಕುವುದಿಲ್ಲ. 2006ರಲ್ಲಿ ದಕ್ಷಿಣ ಏಷ್ಯಾದ ಮುಕ್ತ ವ್ಯಾಪಾರ ಒಪ್ಪಂದ, ‘ಸಾಫ್ಟಾ’, ಜಾರಿಗೆ ಬಂತು. 2019ರ ಫೆಬ್ರುವರಿ 14ರಂದು ಪುಲ್ವಾಮಾದಲ್ಲಿ 40 ಯೋಧರ ಹತ್ಯೆಯಾಯಿತು. ಎರಡೇ ದಿನದಲ್ಲಿ ಆ ಸ್ಥಾನ ಹೋಗಿ ಪಾಕಿಸ್ತಾನದ ಎಲ್ಲ ಮಾಲಿನ ಮೇಲೆ ನೂರಕ್ಕೆ 200ರ ಸುಂಕ ಬಿತ್ತು. ಅಂದರೆ ನೂರು ರೂಪಾಯಿಯ ಮಾಲು ಗಡಿ ದಾಟಿದೊಡನೆ ಮುನ್ನೂರು.

ಯೋಧರನ್ನು ಕೊಂದವರ ಬೆನ್ನಿಗೆ ನಿಂತ ದೇಶದೊಡನೆ ವ್ಯಾಪಾರ ಬೇಡ ಎನ್ನುವ ಹಕ್ಕು ಸರಕಾರಕ್ಕೆ ಇದೆ. ಅದರ ಬಗ್ಗೆ ನಮ್ಮ ತಕರಾರಿಲ್ಲ. ನಮ್ಮ ತಕರಾರು ಆಗ ಕೇಳಿಬಂದ ಮಾತಿನ ಬಗ್ಗೆ. ಟಿ.ವಿ.ಗಳಲ್ಲಿ ‘ಶತ್ರುವಿನ ಸೊಂಟ ಮುರಿಯಿತು’ ಎಂದು ಕೂಗಿದರು. 2017-18ರಲ್ಲಿ ಭಾರತ ಪಾಕಿಸ್ತಾನದಿಂದ ತರಿಸಿದ್ದು ಸುಮಾರು 49 ಕೋಟಿ ಡಾಲರಿನ ಮಾಲು, ನಮ್ಮ ಒಟ್ಟು ಆಮದಿನಲ್ಲಿ ಸಾವಿರಕ್ಕೆ ಒಂದು ಪಾಲು. ಇದರಿಂದ ಯಾರ ಸೊಂಟ ಎಷ್ಟು ಮುರಿದೀತು? ಖೈರ್‌ಪುರದ ರೈತ ಗಿರಾಕಿ ಕಳೆದುಕೊಂಡ, ನಿಜ. ಆದರೆ ಸುಂಕವನ್ನು ಕಟ್ಟುವವನು ಅವನಲ್ಲ, ಮಾಲು ತರಿಸುವ ನಮ್ಮವನೇ. ಅವನು ಸಗಟು ವ್ಯಾಪಾರಿಯ ಮೇಲೆ ಹಾಕುತ್ತಾನೆ, ಸಗಟಿನವನು ಸವಣೂರಿನ ಅಂಗಡಿಯವನ ಮೇಲೆ, ಅಂಗಡಿಯವನು ಉಡಿ ತುಂಬುವ ತಾಯಿಯ ಮೇಲೆ. ಸಾವಿರಕ್ಕೆ ಒಂದು ಎಂಬ ಲೆಕ್ಕ ದಿಲ್ಲಿಯದು. ಉತ್ತತ್ತಿಯ ಮಟ್ಟಿಗೆ ಅದು ಬಹುತೇಕ ಪೂರ್ತಿಯೇ ಆಗಿತ್ತು.

ಇದನ್ನು ಬಾಯಿಬಿಟ್ಟು ಹೇಳುವುದೂ ಎಲ್ಲರಿಗೂ ಸಮಾನವಾಗಿ ಸಾಧ್ಯವಿಲ್ಲ. ‘ಉತ್ತತ್ತಿ ಇಷ್ಟ್ಯಾಕ ತುಟ್ಟಿ ಆತು?’ ಎಂದು ಗೌಡರು ಕೇಳಿದರೆ ಅದು ದರದ ಮಾತು. ಅದೇ ಅಂಗಡಿಯಲ್ಲಿ ಅದೇ ಮಾತನ್ನು ಬುರ್ಖಾ ಹಾಕಿದ ಅವ್ವ ಕೇಳಿದರೆ, ‘ಯಾಕ ಬೂಬಮ್ಮ, ಆ ಕಡಿ ಮಾಲೇ ಬೇಕೇನ?’ ಎಂಬ ನಗೆ ತೂರಿ ಬರುತ್ತದೆ. ನಕ್ಕವನಿಗೆ ಅದು ಚೇಷ್ಟೆ. ಆಕೆ ಮುಂದಿನ ಸಲ ಬೆಲೆ ಕೇಳುವುದಿಲ್ಲ, ಹೇಳಿದಷ್ಟು ಕೊಟ್ಟು ಬರುತ್ತಾಳೆ. ಬೆಲೆ ಕೇಳುವ ಹಕ್ಕು ಗಿರಾಕಿಯ ಅತ್ಯಂತ ಸಣ್ಣ ಹಕ್ಕು. ಅದಕ್ಕೂ ದೇಶಭಕ್ತಿಯ ರಸೀದಿ ಬೇಕಾದರೆ, ಆ ಸುಂಕವನ್ನು ಯಾವ ಬಜೆಟ್ಟಿನಲ್ಲೂ ತೋರಿಸಿಲ್ಲ. ಬೆಲೆಯೇರಿಕೆಯ ಬಗ್ಗೆ ಪುಟಗಟ್ಟಲೆ ಬರೆಯುವ ನಮ್ಮ ಅರ್ಥಶಾಸ್ತ್ರದ ಅಂಕಣಕಾರರು ಈ ಬಾಬತ್ತನ್ನು ಮುಟ್ಟಿದ್ದನ್ನು ನಾವು ಕಂಡಿಲ್ಲ.

ಇಷ್ಟಾಗಿ ಮಾಲು ನಿಂತಿತೇ? ನೇರ ದಾರಿ ತುಟ್ಟಿಯಾದಾಗ ಖಾರೀಕ್ ದುಬೈ ದಾರಿ ಹಿಡಿಯಿತು. ಅಲ್ಲಿ ಕಂಟೇನರ್ ಬದಲಾಗುತ್ತದೆ, ಕಾಗದ ಬದಲಾಗುತ್ತದೆ, ಹಡಗಿನ ಬಾಡಿಗೆಯೂ ನಡುವಿನವರ ಪಾಲೂ ಸೇರಿಕೊಳ್ಳುತ್ತವೆ. 2025ರ ಏಪ್ರಿಲಿನಲ್ಲಿ ಪಹಲ್ಗಾಮಿನಲ್ಲಿ 26 ಮಂದಿಯ ಕೊಲೆಯಾದ ಮೇಲೆ, ಮೇ 2ರಂದು, ನೇರವಾಗಿಯಾಗಲಿ ಸುತ್ತಿಬಳಸಿಯಾಗಲಿ ಪಾಕಿಸ್ತಾನದ ಯಾವ ಮಾಲೂ ಬರಕೂಡದೆಂದು ಆಜ್ಞೆಯಾಯಿತು. ಜೂನ್ ತಿಂಗಳಲ್ಲಿ ಕಂದಾಯ ಗುಪ್ತಚರ ನಿರ್ದೇಶನಾಲಯದವರು ಮುಂಬಯಿ ಬಳಿಯ ನ್ಹಾವಾ ಶೇವಾ ಬಂದರಿನಲ್ಲಿ 39 ಕಂಟೇನರುಗಳನ್ನು ಹಿಡಿದರು. ತೂಕ 1,115 ಟನ್, ಬೆಲೆ ಸುಮಾರು 9 ಕೋಟಿ ರೂಪಾಯಿ. ಕಾಗದದಲ್ಲಿ ಅರಬ್ ಅಮೀರರ ನಾಡಿನ ಮಾಲು. ಒಳಗಿದ್ದದ್ದು ಪಾಕಿಸ್ತಾನದ ಉತ್ತತ್ತಿ.

ಅಂಥ ಸುದ್ದಿ ಬಂದಾಗ ಸಗಟು ಪೇಟೆಯಲ್ಲಿ ದರ ಯಾವ ಕಡೆ ಹೊರಳುತ್ತದೆಂದು ಹೇಳಬೇಕಾಗಿಲ್ಲ. ನಮ್ಮ ತಾಲ್ಲೂಕುಗಳ ಅಂಗಡಿಯವರು ಉತ್ತತ್ತಿಯನ್ನು ಈಗ ಕಿಲೋ ಲೆಕ್ಕದಲ್ಲಿ ಕೊಡುವುದಕ್ಕಿಂತ ಹತ್ತು, ಇಪ್ಪತ್ತು ರೂಪಾಯಿಯ ಪುಡಿಕೆ ಕಟ್ಟಿ ಕೊಡುವುದೇ ಹೆಚ್ಚು. ಉಡಿಗೆ ಐದು ಸಾಕು, ಅದಕ್ಕೆ ಪುಡಿಕೆ ನಡೆಯುತ್ತದೆ. ಬಾಣಂತಿಯ ಅಂಟಿನುಂಡಿಗೆ ಮಾತ್ರ ಪುಡಿಕೆ ಸಾಲುವುದಿಲ್ಲ. ಅಲ್ಲಿ ಕೊಬ್ಬರಿ ಒಂದು ಹಿಡಿ ಹೆಚ್ಚಾಗುತ್ತದೆ.