ಆಡಿಸಿದವಳ ಆಟ

'ಮಾಲೀಸ್ ಗೇಮ್' (2017) ಮೊದಲ ಸಲ ನೋಡಿದಾಗ ಆಫೀಸಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ "ನೋಡ್ಲೇಬೇಕು ಕಣ್ರೋ" ಅಂತ ಹೇಳಿಕೊಂಡು ಓಡಾಡಿದವನು ನಾನೇ. ಮೊನ್ನೆ ಮತ್ತೆ ನೋಡಿದೆ. ಈ ಸಲ ಹಾರ್ಲನ್ ಎಂಬ ಪಾತ್ರ ಗಂಟಲಲ್ಲಿ ಸಿಕ್ಕಿಕೊಂಡಿತು.

ಇದು ಆರನ್ ಸಾರ್ಕಿನ್ ನಿರ್ದೇಶಿಸಿದ ಮೊದಲ ಸಿನಿಮಾ. ಮಾಲಿ ಬ್ಲೂಮ್ ಬರೆದುಕೊಂಡ ಆತ್ಮಕಥೆಯೇ ಇದಕ್ಕೆ ಆಧಾರ. ಸ್ಕೀಯಿಂಗ್ ಕೈಬಿಟ್ಟು ಲಾಸ್ ಏಂಜಲೀಸ್‌ಗೆ ಬಂದ ಹುಡುಗಿ, ಸಿನಿಮಾ ನಟರು, ಸಾಹುಕಾರರು ಗುಟ್ಟಾಗಿ ಆಡುವ ಪೋಕರ್ ಮೇಜು ನಡೆಸುತ್ತಾಳೆ. ಆಮೇಲೆ ನ್ಯೂಯಾರ್ಕ್. ಅಲ್ಲಿ ಆಟಕ್ಕೆ ಕೂರಬೇಕಾದರೇ 2.5 ಲಕ್ಷ ಡಾಲರ್ ಬೇಕು! ಜೆಸ್ಸಿಕಾ ಚಾಸ್ಟೇನ್ ಕಥೆ ಹೇಳುವ ಚುರುಕು ಹೇಗಿದೆಯೆಂದರೆ, ಇಸ್ಪೀಟು ಎಲೆ ಮುಟ್ಟದವರಿಗೂ ಆಟ ಅರ್ಥವಾಗುತ್ತದೆ.

ಹಾರ್ಲನ್ ಒಳ್ಳೆ ಆಟಗಾರ. ಆಟವೇ ಬಾರದವನೊಬ್ಬನ ಎದುರು ಒಂದು ಕೈ ಸೋತು, ಅದನ್ನು ವಾಪಸ್ ಗಿಟ್ಟಿಸುವ ಹುಚ್ಚಿನಲ್ಲಿ ಎಲ್ಲ ಕಳಕೊಳ್ಳುತ್ತಾನೆ. ಮಾಲಿ "ಮನೆಗೆ ಹೋಗು" ಅನ್ನುತ್ತಾಳೆ. ಅವನು ಹೋಗಲ್ಲ. ಕೆಟ್ಟತನವನ್ನೆಲ್ಲ ಸಿನಿಮಾ ಪ್ಲೇಯರ್ ಎಕ್ಸ್ ಎಂಬವನ ತಲೆಗೆ ಕಟ್ಟುತ್ತದೆ. ಬದುಕು ಹಾಳುಮಾಡೋದೇ ತನಗಿಷ್ಟ ಅನ್ನುವ ಆಸಾಮಿ ಅವನು. ಮಾಲಿಯ ತಪ್ಪು? ಟಿಪ್ಸ್ ಬಿಟ್ಟು, ಆಟದ ದುಡ್ಡಿನಲ್ಲೇ ಪಾಲು ತೆಗೆಯಲು ಶುರುಮಾಡಿದ್ದು, ಅಷ್ಟೇ. ಯಾರ ಗುಟ್ಟನ್ನೂ ಬಿಟ್ಟುಕೊಡದ ಅವಳ ನಿಯತ್ತಿಗೆ ನಾವು ಚಪ್ಪಾಳೆ ಹೊಡೆಯುತ್ತೇವೆ.

ಇಲ್ಲೇ ನನಗೆ ನಮ್ಮೂರು ನೆನಪಾಗಿದ್ದು. ಯುಗಾದಿ ಹೊತ್ತಿಗೆ ನಮ್ಮನೆ ಜಗಲಿ ಮೇಲೆ ರಾತ್ರಿಯಿಡೀ ಅಂದರ್ ಬಾಹರ್. ಜಾಗ, ದೀಪ, ಟೀ, ಬೀಡಿ ಒದಗಿಸಿದ್ದಕ್ಕೆ ಆಟಕ್ಕಿಷ್ಟು ಅಂತ ಅಪ್ಪನ ಕೈಗೆ ಬರುತ್ತಿತ್ತು. ಟೀ ಲೋಟ ಹಂಚುತ್ತಿದ್ದ ನನಗೂ ಪುಡಿಗಾಸು. ಒಂದು ವರ್ಷ ಪಕ್ಕದ ಬೀದಿಯವರೊಬ್ಬರು ಕಬ್ಬಿನ ದುಡ್ಡು ಪೂರ್ತಿ ಸೋತರು. ಬೆಳಗಿನ ಜಾವ ಅವರ ಹೆಂಡತಿ ಬಂದು ಜಗಲಿ ಕೆಳಗೆ ನಿಂತರು. ಅಳಲಿಲ್ಲ, ಬೈಯಲಿಲ್ಲ. "ಬನ್ನಿ, ಡೈರಿಗೆ ಹಾಲು ಹಾಕೋ ಹೊತ್ತಾಯ್ತು" ಅಂದರು. ಅಪ್ಪ ತಲೆ ಎತ್ತಲಿಲ್ಲ.

ಅಪ್ಪ ಯಾರಿಗೂ ಮೋಸ ಮಾಡಿದವನಲ್ಲ. "ಸಾಕು, ಏಳಪ್ಪಾ" ಅಂತ ಅವರಿಗೂ ಹೇಳಿದ್ದ. ಆದರೆ ದೀಪ ಮಾತ್ರ ಆರಿಸಲಿಲ್ಲ. ಆ ಯುಗಾದಿಗೆ ನನಗೆ ಹೊಸ ಶೂ ಬಂತು.

ಆಡಿಸುವವರು ಪ್ರಾಮಾಣಿಕರಾಗಿದ್ದರೆ ಸಾಕಾ ಅನ್ನೋ ಪ್ರಶ್ನೆಯನ್ನು ಸಾರ್ಕಿನ್ ಎತ್ತುವುದೇ ಇಲ್ಲ. ಕೊನೆಗೆ ಮಾಲಿಗೆ ಅಪ್ಪ ಸಿಗುತ್ತಾನೆ, ಜೈಲು ತಪ್ಪುತ್ತದೆ, ನಮಗೆ ಸಮಾಧಾನವಾಗುತ್ತದೆ. ಹಾರ್ಲನ್ ಮನೆಯಲ್ಲಿ ಅವತ್ತು ಬಾಗಿಲು ತೆರೆದವರು ಯಾರು ಅಂತ ಕ್ಯಾಮೆರಾ ಹೋಗಿ ನೋಡುವುದಿಲ್ಲ.

ಸಿನಿಮಾ ನೋಡಿ, ಖಂಡಿತ ನೋಡಿ. ಹಾರ್ಲನ್ ಸೋತು ಎದ್ದ ಮೇಲೆ ಮಾತ್ರ ಒಂದು ನಿಮಿಷ ನಿಲ್ಲಿಸಿಬಿಡಿ. ನಾನು ಈ ಸಲ ಹಾಗೇ ಮಾಡಿದೆ. ಪರದೆ ಮೇಲೆ ಯಾರೂ ಬರಲಿಲ್ಲ; ನನಗೆ ಮಾತ್ರ ಜಗಲಿ ಕೆಳಗೆ ನಿಂತ ಆ ಹೆಂಗಸು ಕಂಡರು.