ಹಸಿ ಊಟಕ್ಕೆ ಮಿಕ್ಸರ್ ಬೇಕಾ? ಶಿರಸಿ ಕಡೆಯ ಲೆಕ್ಕ

ಹಸಿ ಆಹಾರದ ಬಗ್ಗೆ ಈಗ ಬರುತ್ತಿರುವ ಪುಸ್ತಕಗಳಲ್ಲಿ ಹೆಚ್ಚಿನವು ಒಂದೇ ಥರ ಇರುತ್ತವೆ. ಮೊದಲ ಅಧ್ಯಾಯದಲ್ಲಿ ಪ್ರಕೃತಿಗೆ ಮರಳುವ ಮಾತು, ಎರಡನೆಯದರಲ್ಲಿ ಖರೀದಿಯ ಪಟ್ಟಿ. ಎಂಥದ್ದನ್ನೂ ನುಣ್ಣಗೆ ಮಾಡುವ ಬ್ಲೆಂಡರ್, ನಿಧಾನಕ್ಕೆ ಹಿಂಡುವ ಜ್ಯೂಸರ್, ತರಕಾರಿಯನ್ನು ಶಾವಿಗೆ ಥರ ಸುರುಳಿ ಮಾಡಿಕೊಡುವ ಸ್ಪೈರಲೈಜರ್, ಮತ್ತೆ 48 ಡಿಗ್ರಿ ಸೆಲ್ಸಿಯಸ್ ದಾಟದ ಹಾಗೆ ರಾತ್ರಿಯಿಡೀ ಒಣಗಿಸುವ ಡಿಹೈಡ್ರೇಟರ್. ಒಂದು ಒಲೆ ಬಿಡೋದಕ್ಕೆ ನಾಲ್ಕು ಮಷಿನ್ ತರಬೇಕು ಅಂತಾಯ್ತು.

ಇದಕ್ಕೆ ಎದುರಾಗಿ ಇನ್ನೊಂದು ಸಲಹೆಯೂ ಚಾಲ್ತಿಯಲ್ಲಿದೆ. ಏನೂ ಬೇಡ, ಒಂದು ಚಾಕು, ಒಂದು ಮಣೆ, ಒಂದು ಬಟ್ಟಲು ಸಾಕು. ಬೆಂಗಳೂರಿನಲ್ಲಿ ಇಂಡಕ್ಷನ್ ಒಲೆ ಇಟ್ಟುಕೊಂಡು ರೂಮು ಮಾಡಿರುವ ನಮ್ಮಂಥವರಿಗೆ ಈ ಸಲಹೆ ಹಿಡಿಸೋದು ಸಹಜ. ದುಡ್ಡು ಉಳಿಯುತ್ತೆ, ಪಾತ್ರೆ ತೊಳೆಯೋದು ಕಮ್ಮಿ, ಜೊತೆಗೆ ಆರೋಗ್ಯ ಅನ್ನೋ ಸಮಾಧಾನ ಬೇರೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯವರಾದರಂತೂ ಇಷ್ಟಕ್ಕೇ ನಿಲ್ಲೋದಿಲ್ಲ. "ಇದೆಲ್ಲ ನಮ್ಮಲ್ಲಿ ಯಾವಾಗಿಂದಲೂ ಇತ್ತು, ತಂಬುಳಿ ಅಂದ್ರೆ ಎಂತ ಮತ್ತೆ?" ಅಂತ ಕೇಳುತ್ತಾರೆ. ಈ ಮಾತಿನಲ್ಲಿ ನಿಜ ಎಷ್ಟಿದೆ ಅಂತ ನೋಡಬೇಕಾಗಿದೆ. ಯಾಕೆಂದರೆ ಅರ್ಧ ನಿಜವನ್ನು ನಂಬಿ ಊಟ ಬದಲಾಯಿಸಿದರೆ ಬೆಲೆ ತೆರುವುದು ನಮ್ಮ ಮೈ.

ಮೊದಲು ನಿಜವಾದ ಅರ್ಧ. ಒಂದೆಲಗದ ತಂಬುಳಿಯನ್ನೇ ತಗೊಳ್ಳಿ. ಒಂದು ಹಿಡಿ ಎಲೆ, ಒಂದಿಷ್ಟು ಕಾಯಿತುರಿ, ಜೀರಿಗೆ, ಒಂದೆರಡು ಕಾಳುಮೆಣಸು, ಉಪ್ಪು. ಇಷ್ಟನ್ನೂ ಅರೆದು ಮಜ್ಜಿಗೆಗೆ ಸೇರಿಸಿದರೆ ಮುಗೀತು, ಕುದಿಸೋ ಮಾತೇ ಇಲ್ಲ. ಸೌತೆಕಾಯಿ ಹಶಿ ಅಂದರೆ ಕೊಚ್ಚಿದ ಸೌತೆಕಾಯಿಗೆ ಅರೆದ ಕಾಯಿ, ಮೊಸರು ಹಾಕಿ ಕಲಸಿದ್ದು. ಕೋಸಂಬರಿಗೆ ಬೇಕಾದದ್ದು ನೆನೆಸಿದ ಹೆಸರುಬೇಳೆ, ಕಾಯಿತುರಿ, ಲಿಂಬೆಹುಳಿ. ಒಣಗಿಸಿಟ್ಟ ಮುರುಗಲು ಸಿಪ್ಪೆಯನ್ನು ನೀರಿನಲ್ಲಿ ನೆನೆಸಿ ಕಿವುಚಿದರೆ ಪಾನಕ. ಇವಕ್ಕೆಲ್ಲ ಇದ್ದ ಸಲಕರಣೆ ಅಂದರೆ ಈಳಿಗೆಮಣೆ, ಅರೆಯೋ ಕಲ್ಲು, ಮಜ್ಜಿಗೆಗೆ ಕಡಗೋಲು. ಬ್ಲೆಂಡರ್ ಮಾಡುವ ಕೆಲಸ ಕಲ್ಲಿನದ್ದಾಗಿತ್ತು.

ಡಿಹೈಡ್ರೇಟರ್ ಕೆಲಸವನ್ನು ಬಿಸಿಲು ಮಾಡುತ್ತಿತ್ತು. ಯಲ್ಲಾಪುರದ ಕಡೆ ಬಾಳೆಹಣ್ಣನ್ನು ಸುಲಿದು ಒಣಗಿಸಿ ಮಾಡುವ ಸುಕೇಳಿಯನ್ನು ತಿಂದವರಿಗೆ ಗೊತ್ತು, ಪಾಶ್ಚಾತ್ಯ ಪುಸ್ತಕಗಳು ಹೇಳುವ "ಹಸಿ ಸಿಹಿ" ಇದಕ್ಕಿಂತ ಹೆಚ್ಚಿನದೇನೂ ಅಲ್ಲ. ಸಕ್ಕರೆಯಿಲ್ಲ, ಎಣ್ಣೆಯಿಲ್ಲ, ಹಣ್ಣಿನದ್ದೇ ಸಿಹಿ. ಹಾಗಾಗಿ ಹಸಿಯಾಗಿ ತಿನ್ನೋದಕ್ಕೆ ದುಬಾರಿ ಮಷಿನ್ ಬೇಕೇ ಬೇಕು ಅನ್ನುವ ಮೊದಲ ಜಾತಿಯ ಪುಸ್ತಕಗಳು ನಮ್ಮೂರ ಅಡುಗೆಮನೆಯ ಮುಂದೆ ಸೋಲುತ್ತವೆ. ಇದರಲ್ಲಿ ಅನುಮಾನ ಬೇಡ.

ಇನ್ನು ಮಿಕ್ಕ ಅರ್ಧ. "ಹಶಿ" ಅನ್ನೋ ಹೆಸರನ್ನೇ ಗಮನಿಸಿ. ಸೌತೆಕಾಯಿ ಹಶಿಯಲ್ಲಿ ಸೌತೆಕಾಯಿ ಹಸಿಯಾಗೇ ಇರುತ್ತೆ, ನಿಜ. ಆದರೆ ಬೆಂಡೆಕಾಯಿ ಹಶಿ ಮಾಡುವಾಗ ಬೆಂಡೆಕಾಯಿಯನ್ನು ಮೊದಲು ಎಣ್ಣೆಯಲ್ಲಿ ಹುರಿಯುತ್ತಾರೆ, ಇಲ್ಲವಾದರೆ ಲೋಳೆ. ತಂಬುಳಿಯಲ್ಲೂ ಅಷ್ಟೆ. ಎಷ್ಟೋ ಸೊಪ್ಪಿನ ತಂಬುಳಿಗೆ ಎಲೆ, ಜೀರಿಗೆ, ಮೆಣಸನ್ನು ಒಂದು ಚಮಚ ತುಪ್ಪದಲ್ಲಿ ಬಾಡಿಸಿಕೊಂಡೇ ಅರೆಯೋದು. ಹೆಸರು ಹಸಿಯದ್ದು, ಆದರೆ ಯಾವುದಕ್ಕೆ ಎಷ್ಟು ಬೆಂಕಿ ಅನ್ನೋ ತೀರ್ಮಾನ ಪ್ರತಿ ಕಾಯಿಗೂ ಪ್ರತಿ ಎಲೆಗೂ ಬೇರೆ.

ಅಷ್ಟೇ ಅಲ್ಲ, ಒಲೆ ಹಚ್ಚದೇ ಮಾಡಿದ ತಿಂಡಿಯ ಹಿಂದೆಯೂ ಎಲ್ಲೋ ಒಲೆ ಉರಿದಿರುತ್ತೆ. ಕುಟ್ಟವಲಕ್ಕಿಗೆ ಮನೆಯಲ್ಲಿ ಬೆಂಕಿ ಬೇಡದೇ ಇರಬಹುದು, ಆದರೆ ಅವಲಕ್ಕಿ ಆಗೋದೇ ಭತ್ತವನ್ನು ನೆನೆಸಿ, ಹುರಿದು, ಬಿಸಿ ಇರುವಾಗಲೇ ಬಡಿದಾಗ. ಮೊಸರು ಹೆಪ್ಪಾಗುವ ಮೊದಲು ಹಾಲು ಕಾಯ್ದಿರುತ್ತೆ. ಜೋನಿಬೆಲ್ಲ ಅಂತೂ ಆಲೆಮನೆಯ ಕೊಪ್ಪರಿಗೆಯಲ್ಲಿ ತಾಸುಗಟ್ಟಲೆ ಕುದಿದ ಕಬ್ಬಿನ ಹಾಲು. ಥರ್ಮಾಮೀಟರ್ ಹಿಡಿದು 48 ಡಿಗ್ರಿಯ ನಿಯಮ ಹಾಕಿದರೆ ನಮ್ಮ "ಹಸಿ ಪರಂಪರೆ"ಯಲ್ಲಿ ಉಳಿಯೋದು ಸೌತೆಕಾಯಿ, ಕಾಯಿತುರಿ ಮತ್ತು ಒಂದಿಷ್ಟು ಹಣ್ಣು.

ಇದು ನಮ್ಮೂರಿನ ಕಥೆ ಮಾತ್ರ ಅಲ್ಲ. ಹಸಿ ಆಹಾರದ ಚಳವಳಿಯವರು ಗುರು ಅಂತ ನೆನೆಯುವ ಸ್ವಿಟ್ಜರ್ಲೆಂಡಿನ ವೈದ್ಯ ಬಿರ್ಚರ್ ಬೆನ್ನರ್ 1900ರ ಆಸುಪಾಸಿನಲ್ಲಿ ತಮ್ಮ ರೋಗಿಗಳಿಗೆ ಕೊಟ್ಟ ಮ್ಯೂಸ್ಲಿಯನ್ನು ನೋಡಿ. ರಾತ್ರಿ ನೆನೆಸಿದ ಓಟ್ಸ್, ಸಿಪ್ಪೆ ಸಮೇತ ತುರಿದ ಸೇಬು, ಲಿಂಬೆರಸ, ಬೀಜಗಳು, ಜೊತೆಗೆ ಡಬ್ಬಿಯ ಕಂಡೆನ್ಸ್ಡ್ ಹಾಲು. ಹಸಿ ಹಾಲಿನಿಂದ ಕ್ಷಯ ಹರಡುವ ಭಯವಿದ್ದ ಕಾಲ ಅದು. ಸೇಬಿಗೆ ಬೆಂಕಿ ಬೇಡ, ಹಾಲಿಗೆ ಬೇಕು ಅಂತ ಆತ ಬೇರೆ ಬೇರೆಯಾಗಿ ಯೋಚಿಸಿದ್ದ. ಅವನಿಗೆ ಬೇಕಾದ ಮುಖ್ಯ ಸಲಕರಣೆಯೂ ಒಂದು ತುರಿಯುವ ಮಣೆ, ಅಷ್ಟೆ. ನಮ್ಮ ಮೊಸರವಲಕ್ಕಿಗೂ ಅದಕ್ಕೂ ಬಹಳ ದೂರವಿಲ್ಲ.

ಬೆಂಕಿ ಕೆಲವು ಕಡೆ ರುಚಿಗಾಗಿ, ಕೆಲವು ಕಡೆ ಜೀವಕ್ಕಾಗಿ. ಮಳೆಗಾಲದಲ್ಲಿ ಸಿದ್ದಾಪುರದ ಯಾವ ಹಳ್ಳಿಗೆ ಹೋದರೂ, ಕೋಲಸಿರ್ಸಿಯಲ್ಲೇ ಆಗಲಿ, ಕೆಸುವಿನ ಎಲೆ ಹೇರಳ. ಆದರೆ ಅದನ್ನು ಸಲಾಡ್ ಮಾಡಿ ತಿನ್ನುವವರು ಸಿಗೋದಿಲ್ಲ. "ಹಸೀ ತಿಂದ್ರೆ ಬಾಯಿ ತುರಸ್ತು ತಮ್ಮಾ" ಅಂತ ಅಡುಗೆಮನೆಯಿಂದಲೇ ಉತ್ತರ ಬರುತ್ತೆ. ಕೆಸುವಿನಲ್ಲಿರುವ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳೇ ಈ ತುರಿಕೆಗೆ ಕಾರಣ. ಅದಕ್ಕೇ ಹುಳಿ ಹಾಕಿ ಚೆನ್ನಾಗಿ ಬೇಯಿಸೋದು. ಕಳಲೆಯನ್ನು ಹೆಚ್ಚಿ, ದಿನವೂ ನೀರು ಬದಲಿಸುತ್ತಾ ಎರಡು ಮೂರು ದಿನ ನೆನೆಸಿ, ಆಮೇಲೆ ಬೇಯಿಸುತ್ತಾರೆ. ಹಸಿ ಕಳಲೆಯಲ್ಲಿ ಸಯನೈಡ್ ಬಿಡುವ ಅಂಶ ಇರುತ್ತೆ. ಪೇಟೆಯಲ್ಲಿ ಸಿಗುವ ರಾಜ್ಮಾವನ್ನು "ಮೊಳಕೆ ಬರಿಸಿದ್ದೀನಿ, ಹಾಗೇ ತಿನ್ನಬಹುದು" ಅಂದುಕೊಳ್ಳುವವರೂ ಇದ್ದಾರೆ. ದಯವಿಟ್ಟು ಬೇಡ. ಅದರಲ್ಲಿರುವ ಲೆಕ್ಟಿನ್ ಚೆನ್ನಾಗಿ ಕುದಿಯದಿದ್ದರೆ ವಾಂತಿ, ಭೇದಿ ತರಿಸುತ್ತೆ. ಹೆಸರುಕಾಳಿಗೆ ನಡೆಯೋದು ಎಲ್ಲ ಕಾಳಿಗೂ ನಡೆಯೋದಿಲ್ಲ. ಚಾಕು ಮಣೆ ಸಾಕು ಅನ್ನುವ ಸಲಹೆಯ ದೊಡ್ಡ ಕೊರತೆ ಇದೇ. ಸಲಕರಣೆ ಬಿಡಿ ಅನ್ನುತ್ತೆ, ಅದರ ಜಾಗದಲ್ಲಿ ಬೇಕಾದ ತಿಳುವಳಿಕೆ ಕೊಡೋದಿಲ್ಲ.

ಪೂರ್ತಿ ಹಸಿಯಾಗಿ ಬದುಕುತ್ತೇನೆ ಅಂತ ಹೊರಟವರಲ್ಲಿ ಗಾಂಧೀಜಿಯೂ ಒಬ್ಬರು. 1893ರಲ್ಲಿ ಪ್ರಿಟೋರಿಯಾದಲ್ಲಿ ಒಮ್ಮೆ ಪ್ರಯತ್ನಿಸಿ, ಎರಡು ವಾರ ತುಂಬುವ ಮೊದಲೇ ಬಿಟ್ಟರು. 1929ರಲ್ಲಿ ಸಂಗಾತಿಗಳ ಜೊತೆ ಮತ್ತೆ ಶುರು ಮಾಡಿದರು. ಮೊಳಕೆ ಗೋಧಿ, ಬಾದಾಮಿ, ಸೊಪ್ಪು, ಲಿಂಬೆ, ಜೇನು. ಎಲ್ಲಕ್ಕೂ ಅಳತೆ, ಎಲ್ಲಕ್ಕೂ ಟಿಪ್ಪಣಿ, "ಯಂಗ್ ಇಂಡಿಯಾ"ದಲ್ಲಿ ವರದಿ. ಹಲ್ಲು ಹೋಗಿದ್ದರಿಂದ ಅವರ ಪಾಲಿನದ್ದನ್ನು ಅರೆದು, ಜಜ್ಜಿ ಕೊಡಬೇಕಾಗುತ್ತಿತ್ತು. ಕೆಲವೇ ತಿಂಗಳಲ್ಲಿ ಆಮಶಂಕೆ ಕಾಡಿ ಪ್ರಯೋಗ ನಿಲ್ಲಿಸಬೇಕಾಯ್ತು. ಅದನ್ನೂ ಅವರು ಮುಚ್ಚಿಡಲಿಲ್ಲ, ಬರೆದರು. ಶಿಸ್ತಿನಲ್ಲಿ ನಾವ್ಯಾರೂ ಅವರನ್ನು ಮೀರಿಸಲಾರೆವು. ಹಾಗಾಗಿ "ನಿಮಗೆ ಮನಸ್ಸಿನ ಗಟ್ಟಿತನ ಸಾಲದು, ಅದಕ್ಕೇ ಆಗ್ತಿಲ್ಲ" ಅಂತ ಹೇಳುವ ಆಹಾರ ಗುರುಗಳನ್ನು ನಂಬಬೇಕಿಲ್ಲ.

ಇದಕ್ಕಿಂತ ಗಂಭೀರವಾದ ಮಾಹಿತಿ ಜರ್ಮನಿಯ ಗೀಸೆನ್‌ನಿಂದ ಬಂದದ್ದು. ದೀರ್ಘಕಾಲ ಹಸಿ ಆಹಾರದಲ್ಲಿದ್ದವರ ಬಗ್ಗೆ 1999ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, 45 ವರ್ಷದೊಳಗಿನ ಹೆಂಗಸರಲ್ಲಿ ಸುಮಾರು ಶೇಕಡ 30ರಷ್ಟು ಜನರಿಗೆ ಮುಟ್ಟು ಏರುಪೇರಾಗಿತ್ತು ಅಥವಾ ನಿಂತೇಹೋಗಿತ್ತು. ಹಸಿಯ ಪಾಲು ಹೆಚ್ಚಾದಷ್ಟೂ ತೂಕ ಇಳಿದಿತ್ತು. ಕಾರಣ ಊಹಿಸೋದು ಕಷ್ಟವಲ್ಲ. ಬೇಯಿಸಿದ ಅನ್ನ, ಗೆಡ್ಡೆಗಳಿಂದ ಸಿಗುವಷ್ಟು ಶಕ್ತಿ ಹಸಿಯದ್ದರಿಂದ ಹೊರಬರೋದಿಲ್ಲ, ಹೊಟ್ಟೆ ತುಂಬಿದ ಹಾಗಾದರೂ ಮೈಗೆ ಸಾಲೋದಿಲ್ಲ. ಬೇಯಿಸಿದರೆ ವಿಟಮಿನ್ ಸಿ ಕಮ್ಮಿಯಾಗುತ್ತೆ ಅನ್ನೋದು ಸರಿ. ಹಾಗೇ ಕ್ಯಾರೆಟ್, ಟೊಮೆಟೊಗಳ ಕೆಂಪು ಅಂಶ ಬೇಯಿಸಿದಾಗಲೇ ಮೈಗೆ ಚೆನ್ನಾಗಿ ಹತ್ತೋದು ಅನ್ನೋದೂ ಅಷ್ಟೇ ಸರಿ. ಮೊಸರು ಮಜ್ಜಿಗೆಯನ್ನೂ ಬಿಟ್ಟು ಬರೀ ಸಸ್ಯದ ಹಸಿ ಊಟಕ್ಕೆ ಇಳಿದರೆ ಬಿ12 ಬೇರೆ ಕಡೆಯಿಂದ ತರಬೇಕು. "ಡಿಟಾಕ್ಸ್" ಅಂತ ಸುಸ್ತನ್ನೂ ಶುಭಸೂಚನೆ ಮಾಡುವ ಲೇಖನಗಳು ಈ ಮಾತುಗಳನ್ನು ದಾಟಿಕೊಂಡು ಹೋಗುತ್ತವೆ.

ಇನ್ನೊಂದು ವಿಷಯ ನಮ್ಮೂರಿನವರೇ ಹೇಳೋದಿಲ್ಲ. "ಆಗೆಲ್ಲ ಎಂತ ಮಷಿನ್ ಇತ್ತು?" ಅಂತ ಕೇಳುವಾಗ, ಆ ಕಲ್ಲಿನ ಮುಂದೆ ಕೂತವರು ಯಾರು ಅನ್ನೋದು ಮಾತಿಗೆ ಬರೋದಿಲ್ಲ. ಕಾಯಿ ತುರಿದವರು, ಅರೆದವರು, ಮಜ್ಜಿಗೆ ಕಡೆದವರು, ಅವಲಕ್ಕಿ ಕುಟ್ಟಿದವರು ಎಲ್ಲ ಹೆಂಗಸರೇ. ಹತ್ತು ಜನರ ಮನೆಗೆ ಒಂದು ಹೊತ್ತಿನ ತಂಬುಳಿ ಅಂದರೆ ಆಯಿಯ ರಟ್ಟೆಯ ದುಡಿಮೆ. ಮಿಕ್ಸರ್ ಬಂದಾಗ ಕಲ್ಲು ಹಿತ್ತಲ ಸೇರಿದ್ದಕ್ಕೆ ಮರುಗಿದವರು ಹೆಚ್ಚಾಗಿ ಉಂಡವರು, ಅರೆದವರಲ್ಲ. ಕಲ್ಲಿನಲ್ಲಿ ಅರೆದದ್ದರ ರುಚಿಯೇ ಬೇರೆ ಅನ್ನೋದನ್ನು ಒಪ್ಪುತ್ತೇನೆ. ಆ ರುಚಿ ಬೇಕಾದವರು ತಾವೇ ಅರೆಯಲಿ ಅಂತಲೂ ಹೇಳುತ್ತೇನೆ.

ಜೊತೆಗೆ, ಶಿರಸಿ ಕಡೆಯ ಊಟ ಅಂದರೆ ಹವ್ಯಕರ ಊಟ ಮಾತ್ರ ಅಲ್ಲ. ತಂಬುಳಿಗೆ ಕೊಟ್ಟಿಗೆಯಲ್ಲಿ ಕರಾವು ಬೇಕು, ತೋಟದಲ್ಲಿ ತೆಂಗು ಬೇಕು. ಬೆಳಗಾಗುತ್ತಲೇ ಬೇರೆಯವರ ತೋಟಕ್ಕೆ ಕೊನೆ ಕೊಯ್ಯಲು, ಗದ್ದೆಗೆ ನಾಟಿ ಮಾಡಲು ಹೋಗುವವರಿಗೆ ಬೇಕಾದದ್ದು ಹೊಟ್ಟೆಯಲ್ಲಿ ನಿಲ್ಲುವ ಬಿಸಿ ಗಂಜಿ. ಯಲ್ಲಾಪುರದ ಕಾಡಂಚಿನ ಸಿದ್ದಿಗಳ ಅಡುಗೆಯ ಲೆಕ್ಕವೇ ಬೇರೆ. ತಂಪಿನ ಊಟವನ್ನು ಇಡೀ ಸೀಮೆಯ ಪರಂಪರೆ ಅಂತ ಮಾರುವಾಗ ಇವರೆಲ್ಲ ಚಿತ್ರದಿಂದ ಹೊರಗುಳಿಯುತ್ತಾರೆ.

ಹಾಗಾದರೆ ಮಷಿನ್ ಇಲ್ಲದ ಹಸಿ ಊಟ ಅನ್ನೋದೆಲ್ಲ ಪೊಳ್ಳಾ? ಅಲ್ಲ. ಮಷಿನ್ ಬೇಡ ಅನ್ನೋ ಭಾಗ ಗಟ್ಟಿಯಾಗಿ ನಿಲ್ಲುತ್ತೆ. ಹಸಿ ಮಾತ್ರವೇ ಅನ್ನೋ ಭಾಗ ನಿಲ್ಲೋದಿಲ್ಲ. ಎರಡನ್ನೂ ಬೇರೆ ಮಾಡಿಕೊಂಡರೆ ರೂಮಿನಲ್ಲಿರುವವರಿಗೆ ಬೇಕಾದಷ್ಟು ದಾರಿ ಇದೆ. ಒಂದು ತುರಿಮಣೆ, ಒಂದು ಸಣ್ಣ ಕಲ್ಲಿನ ಕುಟ್ಟಾಣಿ, ಬಿಗಿ ಮುಚ್ಚಳದ ಒಂದು ಬಾಟಲಿ ಇಟ್ಟುಕೊಳ್ಳಿ. ಮೊಸರಿಗೆ ನೀರು ಹಾಕಿ ಬಾಟಲಿಯಲ್ಲಿ ಕುಲುಕಿದರೆ ಮಜ್ಜಿಗೆ. ಒಂದೆಲಗವನ್ನು ಸಣ್ಣಗೆ ಕೊಚ್ಚಿ, ಉಪ್ಪು, ಜೀರಿಗೆ, ಮೆಣಸಿನ ಜೊತೆ ಕುಟ್ಟಾಣಿಯಲ್ಲಿ ಜಜ್ಜಿ, ಕಾಯಿತುರಿ ಹಾಕಿ ಇನ್ನೆರಡು ಸಲ ಕುಟ್ಟಿ ಮಜ್ಜಿಗೆಗೆ ಸುರಿದರೆ ತಂಬುಳಿ. ನುಣ್ಣಗಾಗೋದಿಲ್ಲ, ಹಲ್ಲಿಗೆ ಸಿಗುತ್ತೆ, ಆದರೆ ಒಬ್ಬರ ಊಟಕ್ಕೆ ಐದು ನಿಮಿಷದ ಕೆಲಸ. ಹೆಸರುಬೇಳೆ ಒಂದೆರಡು ತಾಸು ನೆನೆದರೆ ಕೋಸಂಬರಿಗೆ ತಯಾರು. ಒಂದೆಲಗ ಸಿಗದಿದ್ದರೆ ಒಂದು ಬೇರು ತಂದು ಬಾಲ್ಕನಿಯ ಕುಂಡದಲ್ಲಿ ಊರಿ, ಮಣ್ಣು ಒದ್ದೆ ಇಟ್ಟರೆ ಹಬ್ಬುತ್ತೆ.

ಎರಡು ಎಚ್ಚರಿಕೆ ಇರಲಿ. ಪೇಟೆಯ ಸೊಪ್ಪನ್ನು, ಅದರಲ್ಲೂ ಮಳೆಗಾಲದಲ್ಲಿ, ಹರಿಯುವ ನೀರಿನಲ್ಲಿ ಎಲೆ ಎಲೆಯಾಗಿ ತೊಳೆಯಿರಿ. ಎಲ್ಲಿಯ ನೀರಿನಲ್ಲಿ ಬೆಳೆದದ್ದು ಅಂತ ಗೊತ್ತಿಲ್ಲದಿದ್ದರೆ ತುಪ್ಪದಲ್ಲಿ ಬಾಡಿಸಿಕೊಳ್ಳಿ, ತಂಬುಳಿಗೆ ಅದರಿಂದ ಕುಂದೇನಿಲ್ಲ. ಇನ್ನೊಂದು, ಹಶಿ, ಕೋಸಂಬರಿಗಳನ್ನು ಮಾಡಿದ ಹೊತ್ತಿಗೇ ಉಂಡು ಮುಗಿಸಿ. ಭಾನುವಾರ ಮಾಡಿ ಬುಧವಾರದವರೆಗೆ ಡಬ್ಬಿಯಲ್ಲಿಡುವ ಆಫೀಸಿನವರ ಉಪಾಯ ಇವಕ್ಕೆ ಒಗ್ಗೋದಿಲ್ಲ.

ತಂಬುಳಿಯನ್ನು ನಮ್ಮಲ್ಲಿ ಬರಿದೇ ಕುಡಿದು ಊಟ ಮುಗಿಸುವವರು ಕಮ್ಮಿ. ಅದು ಎಲೆಗೆ ಬರೋದು ಬಿಸಿ ಅನ್ನದ ಜೊತೆ. ಹಸಿ ಆಹಾರದ ಯಾವ ಪುಸ್ತಕ ಓದಿದರೂ, ಮಷಿನ್ ಪಟ್ಟಿ ಇರುವುದಾಗಲಿ ಇಲ್ಲದ್ದಾಗಲಿ, ಈ ಒಂದು ಪ್ರಶ್ನೆ ಕೇಳಿಕೊಳ್ಳಿ: ಪಕ್ಕದಲ್ಲಿ ಅನ್ನಕ್ಕೆ ಜಾಗ ಇಟ್ಟಿದೆಯಾ? ಇಟ್ಟಿದ್ದರೆ ಓದಿ, ಮಾಡಿ ನೋಡಿ. ಇಲ್ಲದಿದ್ದರೆ ಅದರ ಪಾಕ ಮಾತ್ರ ಬರೆದಿಟ್ಟುಕೊಂಡು, ಉಪದೇಶವನ್ನು ಅಲ್ಲೇ ಬಿಟ್ಟು, ಕುಕ್ಕರ್ ಇಡಿ.